ಗಾದೆ ಗೊತ್ತು, ಯಾವಾಗ ಹೇಳೋದು?

ನಿಮ್ಮ ಮನೇಲಿ ದಿನಾ ಕಿವಿಗೆ ಬೀಳೋ ಗಾದೆ ಯಾವುದು, ಅದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

ಅಕ್ಕಾ, ಮಗ ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡಾನೇ ಮಾತಾಡ್ತಾನೆ, ಆದ್ರೆ ಗಾದೆ ಹೇಳಿದ ಕೂಡ್ಲೇ "ಅಮ್ಮಾ ಮೀನಿಂಗ್ ಏನು" ಅಂತಾನೆ. ಬಿಡಿಸಿ ಹೇಳೋಷ್ಟರಲ್ಲಿ ಅದರ ರುಚಿನೇ ಹೋಗಿರುತ್ತೆ. ಹೇಗೆ ಕಲಿಸ್ಲಿ? (ಡೊಂಬಿವಲಿ)

ಮರಾಠಿ ಕಡೆಯಿಂದ ಬನ್ನಿ. 2020ರ ಕಾಯ್ದೆ ಬಂದಮೇಲೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಹಾಗಾಗಿ ನಿಮ್ಮ ಮಗನಿಗೆ ಮ್ಹಣಿ, ಅಂದ್ರೆ ಮರಾಠಿ ಗಾದೆಗಳು, ಗೊತ್ತೇ ಇರುತ್ತೆ. ಅವನು "ದುರೂನ್ ಡೋಂಗರ್ ಸಾಜರೇ" ಅಂತ ಓದಿದ ದಿನ ನೀವು "ದೂರದ ಬೆಟ್ಟ ನುಣ್ಣಗೆ" ಅನ್ನಿ. "ನಾಚತಾ ಯೇಈನಾ ಅಂಗಣ ವಾಕಡೇ" ಬಂದಾಗ "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಅನ್ನಿ. ಎರಡು ಭಾಷೆಯೋರೂ ಅದೇ ಬೆಟ್ಟ ನೋಡಿದಾರೆ, ಅದೇ ಅಂಗಳದಲ್ಲಿ ಕುಣಿದಿದಾರೆ ಅಂತ ಮಗುಗೆ ಹೊಳೆದಾಗ ಮುಖ ಅರಳುತ್ತಲ್ಲ, ಅದನ್ನ ನಾನು ನಮ್ಮ ಪಕ್ಕದ ಬಿಲ್ಡಿಂಗಿನ ಮಕ್ಕಳಲ್ಲಿ ಕಣ್ಣಾರೆ ನೋಡಿದೀನಿ.

ಆಮೇಲೆ ನಿಧಾನಕ್ಕೆ ವ್ಯತ್ಯಾಸ ತೋರಿಸಿ. "ಥೇಂಬೇ ಥೇಂಬೇ ತಳೇ ಸಾಚೇ" ಅಂದ್ರೆ ಹನಿ ಹನಿ ಸೇರಿ ಕೆರೆ ತುಂಬುತ್ತೆ, ಅಲ್ಲಿಗೆ ಮುಗೀತು. ನಮ್ಮದು "ಹನಿ ಹನಿ ಗೂಡಿದ್ರೆ ಹಳ್ಳ, ತೆನೆ ತೆನೆ ಗೂಡಿದ್ರೆ ಬಳ್ಳ" ಅಂತ ಹಳ್ಳದಿಂದ ಹೊಲಕ್ಕೆ ಹೋಗುತ್ತೆ. ಬಳ್ಳ ಅಂದ್ರೆ ಕಾಳು ಅಳೆಯೋ ಅಳತೆ, ಅದನ್ನ ಅವನು ನೋಡಿರಲ್ಲ, ಊರಲ್ಲಿ ಯಾರ ಮನೆ ಅಟ್ಟದ ಮೇಲಾದ್ರೂ ಇದ್ರೆ ರಜೇಲಿ ಕೈಗೆ ಕೊಟ್ಟು ಒಂದ್ಸಲ ಅಕ್ಕಿ ಅಳೆಸಿ. ಇನ್ನೊಂದು, ಅವನು ಔಟಾಗಿ ಬಂದು ಪಿಚ್ ಸರಿ ಇಲ್ಲ ಅಂದಾಗ ನೆಲ ಡೊಂಕಿನ ಗಾದೆ ಹೇಳಿ ಸುಮ್ಮನೆ ಒಳಗೆ ಹೋಗ್ಬಿಡಿ, ಅರ್ಥ ಹೇಳೋಕೆ ನಿಲ್ಲಬೇಡಿ. ಸಮಯ ಸರಿಯಾಗಿದ್ರೆ ಗಾದೆ ತನ್ನ ಅರ್ಥ ತಾನೇ ಹೇಳುತ್ತೆ.

ಬದ್ಲಾಪುರದಲ್ಲಿ ಫ್ಲ್ಯಾಟ್ ತಗೋಬೇಕು ಅಂತಿದೀನಿ, 40 ಲಕ್ಷ ಲೋನು. ಅಪ್ಪ ಫೋನ್ ಮಾಡಿದಾಗೆಲ್ಲ "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತಾರೆ, ಬೇಜಾರಾಗುತ್ತೆ. ಮುಂಬೈಯಲ್ಲಿ ಸಾಲ ಮಾಡದೆ ಮನೆ ಹೇಗಾಗುತ್ತೆ ಅಕ್ಕಾ? (ಮುಲುಂಡ್)

ಆಗಲ್ಲ ತಮ್ಮಾ, ನೀನು ಹೇಳೋದು ನಿಜ. ಆದ್ರೆ ಗಾದೆಯನ್ನ ಇನ್ನೊಂದ್ಸಲ ಕೇಳಿಸ್ಕೋ, ಅದು ಕಾಲು ಮಡಚಿ ಮಲಗು ಅನ್ನಲ್ಲ, ಚಾಚು ಅಂತಾನೇ ಹೇಳುತ್ತೆ, ಮೊದಲು ಹಾಸಿಗೆ ಅಳೆ ಅಂತ ಅಷ್ಟೇ. ಹಾಗಾದ್ರೆ ಅಳೆಯೋಣ. 40 ಲಕ್ಷಕ್ಕೆ ಶೇ. 8.5 ಬಡ್ಡಿ, 20 ವರ್ಷ ಅಂತ ಹಿಡಿದ್ರೆ ತಿಂಗಳ ಕಂತು ಸುಮಾರು 34,700 ರೂಪಾಯಿ, ಕೊನೆಗೆ ಕಟ್ಟಿರೋದು 83 ಲಕ್ಷ ದಾಟುತ್ತೆ, ಅಂದ್ರೆ ಬಡ್ಡಿನೇ ಅಸಲಿಗಿಂತ ಜಾಸ್ತಿ. ಕಂತು ಕಟ್ಟಿ, ಸೊಸೈಟಿ ಮೇಂಟೆನೆನ್ಸು ಕೊಟ್ಟು, ಟ್ರೇನ್ ಪಾಸು ತೆಗೆಸಿ, ಊರಿಗೂ ಸ್ವಲ್ಪ ಕಳಿಸಿ ಉಳಿಯೋ ದುಡ್ಡಲ್ಲಿ ಮನೆ ನಡೆಯುತ್ತಾ? ಕೆಲಸ ಹೋದ್ರೆ ಆರು ತಿಂಗಳ ಕಂತು ಕೈಯಲ್ಲಿದೆಯಾ? ಇದೆ ಅಂದ್ರೆ ನಿನ್ನ ಹಾಸಿಗೆ ಅಷ್ಟುದ್ದ ಇದೆ, ತಗೋ.

"ಸಾಲ ಮಾಡಿಯಾದ್ರೂ ತುಪ್ಪ ತಿನ್ನು" ಅಂತ ಚಾರ್ವಾಕರ ಹೆಸರಲ್ಲಿ ಒಂದು ಮಾತಿದೆ, ಹುಡುಗರು ಹೊಸ ಫೋನಿಗೆ ಇಎಂಐ ಹಾಕುವಾಗ ಅದನ್ನೇ ಹೇಳ್ತಾರೆ. ತುಪ್ಪದ ಸಾಲ ಬೇರೆ, ಸೂರಿನ ಸಾಲ ಬೇರೆ. ನಿಮ್ಮಪ್ಪನಿಗೆ ಈ ಲೆಕ್ಕ ಎಲ್ಲ ಒಂದು ಹಾಳೇಲಿ ಬರೆದು, ಊರಿಗೆ ಹೋದಾಗ ಪಕ್ಕದಲ್ಲಿ ಕೂತು ತೋರಿಸು. ಅವರು ಗಾದೆ ಹೇಳ್ತಿರೋದು ಭಯಕ್ಕೆ, ನಿನ್ನ ಮೇಲಿನ ಕೋಪಕ್ಕಲ್ಲ.

ಮನೆಯವರು ಮೂರು ತಿಂಗಳಿಂದ ಮಾತಾಡ್ತಿಲ್ಲ, ಖರ್ಚಿಗೂ ದುಡ್ಡು ಕೊಡಲ್ಲ, ಹೋದ ತಿಂಗಳು ಕೈ ಎತ್ತಿದ್ರು. ತವರಿಗೆ ಹೇಳಿದ್ರೆ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂತ ಫೋನ್ ಇಟ್ಬಿಡ್ತಾರೆ. (ಘಾಟ್ಕೋಪರ್)

ತಾಯಿ, ನಿಮ್ಮ ಪತ್ರ ಓದಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಆ ಗಾದೇಲೇ ಒಂದು ಗಡುವಿದೆ ನೋಡಿ, ಉಂಡು ಮಲಗೋ ತನಕ. ಸಾರಿಗೆ ಉಪ್ಪು ಜಾಸ್ತಿ ಆಯ್ತು, ಟ್ರೇನ್ ಗರ್ದಿಯಲ್ಲಿ ನಿಂತು ನಿಂತು ತಲೆ ಕೆಟ್ಟು ಬಂದ್ರು ಅನ್ನೋ ಥರದ ಜಗಳಕ್ಕೆ ಹುಟ್ಟಿದ ಮಾತು ಅದು. ಮೂರು ತಿಂಗಳಾದ್ರೂ ಮುಗೀದೆ ಇರೋದಕ್ಕೆ, ಕೈ ಎತ್ತೋದಕ್ಕೆ ಆ ಗಾದೆ ಅನ್ವಯಿಸೋದೇ ಇಲ್ಲ, ಅದನ್ನ ಹೇಳಿ ನಿಮ್ಮ ಬಾಯಿ ಮುಚ್ಚಿಸೋದು ತಪ್ಪು, ತವರಿನೋರಿಗೂ ಈ ಸಾಲು ಓದಿಸಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೊಡೆತಕ್ಕೆ ಮಾತ್ರ ಅಲ್ಲ, ಮನಸ್ಸಿಗೆ ಕೊಡೋ ಹಿಂಸೆಗೆ, ಖರ್ಚಿಗೆ ದುಡ್ಡು ಕೊಡದೆ ಸತಾಯಿಸೋದಕ್ಕೂ ಇದೆ. ಮಹಿಳಾ ಸಹಾಯವಾಣಿ 181, ತುರ್ತು ಅಂದ್ರೆ 112. ಮನೇಲಿ ಯಾರೂ ಇಲ್ಲದಾಗ ಫೋನ್ ಮಾಡಿ. ಗಂಡನ ಕೈ ಸೇರದ ಜಾಗದಲ್ಲಿ ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಇಟ್ಕೊಳ್ಳಿ. ಬಿಲ್ಡಿಂಗಲ್ಲಿ ನಂಬಿಕೆ ಇರೋ ಒಬ್ಬರಿಗಾದ್ರೂ ವಿಷಯ ಗೊತ್ತಿರ್ಲಿ.

ಅಜ್ಜಿ ಮಾತು ಮಾತಿಗೂ ಗಾದೆ ಹೇಳ್ತಾರೆ, ನಾನು ಫೋನಲ್ಲಿ ಬರೆದಿಡ್ತಿದೀನಿ. ಹಿಂದೆ ಯಾರಾದ್ರೂ ಹೀಗೆ ಕೂಡಿಟ್ಟಿದಾರಾ? (ವಾಶಿ)

ಇಟ್ಟಿದಾರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟೆಲ್ ನಿಘಂಟಿನಲ್ಲಿ ಪದದ ಅರ್ಥದ ಜೊತೆಗೇ ಆ ಪದ ಬರೋ ಗಾದೆಗಳನ್ನೂ ಕೊಟ್ಟಿದಾರೆ. ನೀವು ಬರೆಯುವಾಗ ಬರೀ ಗಾದೆ ಬರೀಬೇಡಿ, ಅಜ್ಜಿ ಅದನ್ನ ಯಾರಿಗೆ, ಯಾವ ಸಂದರ್ಭದಲ್ಲಿ ಅಂದ್ರು ಅನ್ನೋದನ್ನೂ ಬರೀರಿ. ನನ್ನ ಸೋದರಮಾವ ಮಾಟುಂಗದ ಒಂದು ಉಡುಪಿ ಹೋಟೆಲಲ್ಲಿ ಗಲ್ಲಾದಲ್ಲಿ ಕೂರ್ತಿದ್ರು, ಗಿರಾಕಿ ಬಿಟ್ಟು ಹೋದ ಎಂಟಾಣೆ ಕೊಡೋಕೆ ಸ್ಟೇಷನ್ ತನಕ ಓಡಿ ಹೋಗಿ ವಾಪಸ್ ಬಂದು "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬಾರದು" ಅಂದಿದ್ರು. ಆ ಓಟ ಗೊತ್ತಿಲ್ಲದಿದ್ರೆ ನಂಗೆ ಆ ಗಾದೆ ಇಷ್ಟು ಒಳಗೆ ಇಳೀತಿರ್ಲಿಲ್ಲ. ಅಜ್ಜಿ ಒಪ್ಪಿದ್ರೆ ಅವರು ಅಡುಗೆ ಮಾಡ್ತಾ ಮಾತಾಡೋ ಹೊತ್ತಲ್ಲಿ ರೆಕಾರ್ಡಿಂಗ್ ಆನ್ ಮಾಡಿಡಿ, ಗಾದೆ ಹೇಳಜ್ಜಿ ಅಂತ ಕೂರಿಸಿ ಕೇಳಿದ್ರೆ ಅವರಿಗೆ ಒಂದೂ ನೆನಪಾಗಲ್ಲ.