ಪ್ರತಿಕ್ರಿಯೆ: 31/02/2023 ಅನ್ನು ರೆಜೆಕ್ಸ್ ಯಾಕೆ ಒಪ್ಪಿಕೊಳ್ಳುತ್ತದೆ?

ನಿಮ್ಮ ಪೈಥಾನ್ ರೆಜೆಕ್ಸ್ (ಪಠ್ಯದ ಆಕಾರ ಹೊಂದುತ್ತದೆಯೇ ಎಂದು ನೋಡುವ ನಮೂನೆ) 31/02/2023 ಅನ್ನೂ ಸರಿ ಅನ್ನುತ್ತಿದೆ, ತಡೆಯುವುದು ಹೇಗೆ ಎಂದು ಕೇಳಿದ್ದೀರಿ. ರೆಜೆಕ್ಸ್‌ಗೆ ಕಾಣುವುದು ಅಕ್ಷರಗಳ ಸಾಲು ಮಾತ್ರ, ಕ್ಯಾಲೆಂಡರ್ ಅಲ್ಲ. 2000ದಲ್ಲಿ ಫೆಬ್ರವರಿ 29 ಇತ್ತು, 1900ರಲ್ಲಿ ಇರಲಿಲ್ಲ, ಅಲ್ವಾ? ಆ ಲೆಕ್ಕವನ್ನೂ ಅದರೊಳಗೆ ತುರುಕಬಹುದು, ಆದರೆ ಆಮೇಲೆ ಯಾರಿಗೂ ಓದಲಾಗುವುದಿಲ್ಲ. ಆಕಾರ ನೋಡಲಷ್ಟೇ ರೆಜೆಕ್ಸ್ ಇಟ್ಟುಕೊಳ್ಳಿ. ನಂತರ ಆ ಪಠ್ಯವನ್ನು ಪೈಥಾನ್‌ನ ಡೇಟ್‌ಟೈಮ್‌ನಲ್ಲಿರುವ ಸ್ಟ್ರ್‌ಪಿಟೈಮ್‌ಗೆ (strptime, ಪಠ್ಯವನ್ನು ದಿನಾಂಕವಾಗಿಸುವ ಫಂಕ್ಷನ್) ಕೊಡಿ. ಇಲ್ಲದ ದಿನಾಂಕವಾದರೆ ವ್ಯಾಲ್ಯೂಎರರ್ ಎಂಬ ದೋಷ ಬರುತ್ತದೆ, ಅದನ್ನು ಹಿಡಿಯಿರಿ.

ಬ್ರೌಸರ್‌ನಲ್ಲೂ ಪರೀಕ್ಷಿಸುವುದಾದರೆ ಜೋಪಾನ. ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ ವರ್ಷ, ತಿಂಗಳು, ದಿನ ಬಿಡಿಬಿಡಿಯಾಗಿ ಕೊಟ್ಟರೆ ಇದೇ ದಿನಾಂಕ ಸುಮ್ನೆ ಮಾರ್ಚ್ 3 ಆಗಿಬಿಡುತ್ತದೆ, ದೋಷವೇ ಬರುವುದಿಲ್ಲ.

ಇನ್ನೊಂದು ಮಾತು, ನಮ್ಮವರಿಗೆ ಮುಖ್ಯವಾದದ್ದು: ಪೈಥಾನ್ 3ರಲ್ಲಿ ರೆಜೆಕ್ಸ್‌ನಲ್ಲಿ ಅಂಕಿಯನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಷ್ ಡಿ (\d) ಕನ್ನಡದ ೩೧ ಅನ್ನೂ ಅಂಕಿ ಎಂದೇ ಒಪ್ಪುತ್ತದೆ. ಬೇಡವಾದರೆ [0-9] ಬರೆಯಿರಿ.