ರಾತ್ರಿ ಪಾಳಿ ಮುಗಿದರೂ ಬಿಡದ ತೂಕಡಿಕೆ

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್, ವಯಸ್ಸು 34. ತಿಂಗಳಿಗೊಮ್ಮೆ ಸತತ ಆರು ದಿನ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಡ್ಯೂಟಿ ಬೀಳುತ್ತದೆ. ಮನೆಗೆ ಬಂದು ಒಂಬತ್ತೂವರೆಗೆ ಮಲಗಿದರೆ ಮಧ್ಯಾಹ್ನ ಒಂದಕ್ಕೆಲ್ಲ ಎಚ್ಚರವಾಗುತ್ತದೆ, ಮತ್ತೆ ಕಣ್ಣು ಹತ್ತುವುದಿಲ್ಲ. ಸಂಜೆ ಮಗನ ಪಾಠ ನೋಡುತ್ತ ಕುಳಿತಲ್ಲೇ ತೂಕಡಿಸುತ್ತೇನೆ. ಕಳೆದ ವಾರ ಡ್ಯೂಟಿ ಮುಗಿಸಿ ಬರುವಾಗ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೆಯೇ ಜೊಂಪು ಹತ್ತಿ, ಹಿಂದಿನ ಬಸ್ಸಿನ ಹಾರ್ನ್‌ಗೆ ಬೆಚ್ಚಿ ಕಣ್ಣು ಬಿಟ್ಟೆ. ಇದು ರಕ್ತಹೀನತೆಯೇ? ನಿದ್ರೆ ಮಾತ್ರೆ ತೆಗೆದುಕೊಳ್ಳಬಹುದೇ?
– ಹೆಸರು, ಊರು ಬೇಡ

ಉತ್ತರ: ಮೊದಲು ಸ್ಕೂಟರಿನ ಮಾತು. ಮಧ್ಯಾಹ್ನ ಒಂದಕ್ಕೆ ಎದ್ದ ನೀವು ಮರುದಿನ ಬೆಳಿಗ್ಗೆ ಎಂಟಕ್ಕೆ ಗಾಡಿ ಹತ್ತುವಾಗ ಹತ್ತೊಂಬತ್ತು ಗಂಟೆ ಎಚ್ಚರವಿದ್ದಿರುತ್ತೀರಿ. ಹದಿನೇಳು ಗಂಟೆ ನಿದ್ದೆಗೆಟ್ಟವರ ಕೈ-ಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿ.ಗ್ರಾಂ. ಆದ್ದರಿಂದ ಆ ಆರು ದಿನ ಬಸ್ಸಿನಲ್ಲಿ ಬನ್ನಿ, ಇಲ್ಲವೇ ಮನೆಯವರು ಬಂದು ಕರೆದೊಯ್ಯಲಿ.

ಒಂದು ಗಂಟೆಗೇ ಎಚ್ಚರವಾಗುವುದು ನಿಮ್ಮ ತಪ್ಪಲ್ಲ. ಮೆದುಳಿನೊಳಗಿನ ಜೈವಿಕ ಗಡಿಯಾರವು ಡ್ಯೂಟಿ ಚಾರ್ಟನ್ನು ನೋಡುವುದಿಲ್ಲ, ಬೆಳಕನ್ನು ನೋಡುತ್ತದೆ. ನಸುಕಿನ ನಾಲ್ಕು-ಐದರ ಸುಮಾರಿಗೆ, ಅಂದರೆ ಬಿ.ಪಿ. ಬರೆಯುವ ಪೆನ್ನು ಕಾಗದದ ಮೇಲೆ ಗೀರೆಳೆಯುತ್ತ ಜಾರುವ ಹೊತ್ತಿಗೆ, ಮೈಯ ಉಷ್ಣತೆ ಅತಿ ಕಡಿಮೆಯಿರುತ್ತದೆ. ಹೊತ್ತೇರಿದಂತೆ ಅದೂ ಏರುವುದರಿಂದ ಹಗಲಿನ ನಿದ್ದೆ ಬೇಗ ಮುರಿಯುತ್ತದೆ. ಆರು ರಾತ್ರಿಗಳಲ್ಲಿ ಈ ಗಡಿಯಾರ ಪೂರ್ತಿ ತಿರುಗುವುದಿಲ್ಲ. ಅಷ್ಟರಲ್ಲಿ ಬೆಳಗಿನ ಪಾಳಿ ಬಂದಿರುತ್ತದೆ.

ಮಾಡಬಹುದಾದದ್ದು ಇಷ್ಟು. ಬಸ್ಸಿನಲ್ಲಿ ಬರುವಾಗ ಕಪ್ಪು ಕನ್ನಡಕ ಹಾಕಿ, ಮಲಗುವ ಕೋಣೆಗೆ ದಪ್ಪ ಪರದೆ ಬಿಡಿ, ಕಾಲಿಂಗ್ ಬೆಲ್ ಆರಿಸಿಡಿ. ಹಗಲು ಮಲಗಿದ ಸೊಸೆಯನ್ನು ಕಂಡು ಬಂಧುಗಳು ಏನಾದರೂ ಅಂದಾರೆಂಬ ಸಂಕೋಚ ಬೇಡ. ಸಂಜೆ ಐದರಿಂದ ಆರೂವರೆಯವರೆಗೆ ಇನ್ನೊಮ್ಮೆ ಮಲಗಿ ಎದ್ದು ಡ್ಯೂಟಿಗೆ ಹೋದರೆ ನಸುಕಿನ ಮಂಪರು ಬಹಳಷ್ಟು ತಗ್ಗುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಫಲಕಾರಿಯಾದ ಉಪಾಯ ಇದೇ. ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ರಾತ್ರಿ ಎರಡರ ನಂತರ ಕಾಫಿ, ಟೀ ಬೇಡ. ವಾರ್ಡಿನಲ್ಲಿ ಸರದಿಯಂತೆ ಇಪ್ಪತ್ತು ನಿಮಿಷದ ಕೋಳಿನಿದ್ದೆಗೆ ಅವಕಾಶವಿದ್ದರೆ ಬಳಸಿಕೊಳ್ಳಿ. ಎದ್ದ ತಕ್ಷಣ ಮಾತ್ರ ಇಂಜೆಕ್ಷನ್ ತುಂಬಬೇಡಿ.

ಮಾತ್ರೆ ಕೈಗೆಟುಕುವಲ್ಲೇ ಇರುತ್ತದೆಂಬ ಕಾರಣಕ್ಕೇ ನಿಮಗೆ ಹೆಚ್ಚು ಒತ್ತಿ ಹೇಳುತ್ತೇನೆ: ಸ್ವಂತಕ್ಕೆ ನಿದ್ರೆ ಮಾತ್ರೆ ಬೇಡ. ರಕ್ತಹೀನತೆಯಿಂದ ಸುಸ್ತು ಹೆಚ್ಚು. ಕೂತಲ್ಲೇ ಕಣ್ಣು ಮುಚ್ಚುವುದಕ್ಕೆ ಸಾಮಾನ್ಯವಾಗಿ ನಿದ್ದೆಯ ಕೊರತೆಯೇ ಕಾರಣ. ಆದರೂ ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ. ಮೆಲ್ಬರ್ನ್‌ನ ಡಾ. ಮರ್ರೇ ಜಾನ್ಸ್ 1991ರಲ್ಲಿ ರೂಪಿಸಿದ, ಹಗಲಿನ ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಮಾಪಕದಲ್ಲಿ ಎಂಟು ಸಂದರ್ಭಗಳಿವೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಎಂಟನೆಯದು ವಾಹನ ಟ್ರಾಫಿಕ್ಕಿನಲ್ಲಿ ಕೆಲವು ನಿಮಿಷ ನಿಂತಾಗ ಬರುವ ಜೊಂಪು, ಅಂದರೆ ನಿಮ್ಮ ಸಿಗ್ನಲ್ಲಿನ ಅನುಭವವೇ. ರಾತ್ರಿ ಪಾಳಿಯಿಲ್ಲದ ವಾರದಲ್ಲಿಯೂ ಒಟ್ಟು ಅಂಕ ಹತ್ತನ್ನು ದಾಟಿದರೆ, ಅಥವಾ ನೀವು ಜೋರಾಗಿ ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳಿದರೆ, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಯಿದೆಯೇ ಎಂದು ತಜ್ಞರಲ್ಲಿ ಪರೀಕ್ಷಿಸಿಕೊಳ್ಳಬೇಕು.