ಪುಸ್ತಕ ಮುಚ್ಚಿ ನುಡಿಸುವುದು

ಮಂಡ್ಯದಿಂದ ಪತ್ರ ಬರೆದಿರುವ ಓದುಗರಿಗೆ,

ಐವತ್ತು ದಾಟಿದ ಮೇಲೆ ವೀಣೆ ಹಿಡಿದು, ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ರೈಲಿನಲ್ಲಿ ಮೈಸೂರಿಗೆ ಪಾಠಕ್ಕೆ ಬರುತ್ತಿರುವುದಾಗಿ ತಿಳಿಸಿದ್ದೀರಿ. ಪುಸ್ತಕ ಎದುರಿಗಿದ್ದರೆ ಮೋಹನ ರಾಗದ ಆದಿತಾಳ ವರ್ಣವನ್ನು (ಪಲ್ಲವಿಯಿಂದ ತೊಡಗಿ ಚರಣದಲ್ಲಿ ಮುಗಿಯುವ ಸಾಧನೆಯ ರಚನೆ) ಎರಡು ಕಾಲಗಳಲ್ಲಿ, ಅಂದರೆ ಎರಡು ವೇಗಗಳಲ್ಲಿ, ನುಡಿಸುವ ನೀವು, ನವರಾತ್ರಿಯ ಒಂದು ಸಂಜೆ ಬಂಧುಗಳ ಮುಂದೆ ಪುಸ್ತಕವಿಲ್ಲದೆ ಕುಳಿತಾಗ, ಎರಡನೆಯ ಎತ್ತುಗಡೆ ಸ್ವರವನ್ನೇ (ಚರಣದ ಸಾಲಿನ ನಂತರ ಒಂದೊಂದಾಗಿ ಬರುವ ಸ್ವರಗುಚ್ಛಗಳಲ್ಲಿ ಎರಡನೆಯದನ್ನೇ) ಮೂರು ಸಲ ನುಡಿಸಿ ಕೈ ನಿಲ್ಲಿಸಬೇಕಾಯಿತು. ‘ಈ ವಯಸ್ಸಿಗೆ ಬಾಯಿಪಾಠ ಒಗ್ಗುವುದಿಲ್ಲವೇ?’ ಎಂಬುದು ನಿಮ್ಮ ಪ್ರಶ್ನೆ.

ವಯಸ್ಸಿನ ಮಾತನ್ನು ಬದಿಗಿಡೋಣ. ನೀವು ಎಡವಿದ ಜಾಗವೇ ಕಾರಣವನ್ನು ಹೇಳುತ್ತಿದೆ. ವರ್ಣದಲ್ಲಿ ಪ್ರತಿಯೊಂದು ಎತ್ತುಗಡೆ ಸ್ವರ ಮುಗಿದಾಗಲೂ ನಾವು ಚರಣದ ಅದೇ ಸಾಲಿಗೆ ಮರಳುತ್ತೇವೆ, ಮತ್ತು ಅದೇ ಸಾಲಿನಿಂದ ಪ್ರತಿ ಸಲವೂ ಬೇರೆ ಸ್ವರಕ್ಕೆ ಹೊರಡುತ್ತೇವೆ. ಬೆರಳಿನ ನೆನಪು ಸರಪಳಿಯಂಥದು. ಹಿಂದಿನ ಸ್ವರ ಮುಂದಿನದನ್ನು ಎಳೆದು ತರುತ್ತದೆಯೇ ಹೊರತು, ಇದು ಎಷ್ಟನೆಯ ಸುತ್ತು ಎಂಬುದನ್ನು ಬೆರಳು ಎಣಿಸುವುದಿಲ್ಲ. ಆ ಎಣಿಕೆಯನ್ನು ಇಷ್ಟು ದಿನ ನಿಮ್ಮ ಪರವಾಗಿ ಪುಸ್ತಕ ಮಾಡುತ್ತಿತ್ತು. ಅದನ್ನು ತೆಗೆದೊಡನೆ, ಕೈಗೆ ಹೆಚ್ಚು ರೂಢಿಯಾಗಿದ್ದ ಎರಡನೆಯ ಸ್ವರವೇ ಮತ್ತೆ ಮತ್ತೆ ಬಂದಿತು.

ನನಗೂ ಇದು ತಿಳಿದದ್ದು ತಡವಾಗಿ. ಮೈಸೂರಿನಲ್ಲಿ ನಾನು ಕಲಿಯುತ್ತಿದ್ದಾಗ, ಒಂದು ವರ್ಣ ಪೂರ್ತಿ ಬಂದಿತೆಂದು ಹೇಳಿಕೊಂಡ ದಿನವೇ ನಮ್ಮ ಗುರುಗಳು ವೀಣೆಯನ್ನು ಪಕ್ಕಕ್ಕಿಡಿಸಿ, ತೊಡೆಯ ಮೇಲೆ ತಾಳ ಹಾಕುತ್ತಾ ಮೂರನೆಯ ಎತ್ತುಗಡೆ ಸ್ವರದಿಂದ ಹಾಡು ಎಂದರು. ಅದರ ಮೊದಲ ಸ್ವರವೇ ಬಾಯಿಗೆ ಬರಲಿಲ್ಲ. ಪಲ್ಲವಿಯಿಂದ ಹೊರಟು ಅಲ್ಲಿಯವರೆಗೆ ನಡೆದುಬಂದರೆ ಮಾತ್ರ ಅದು ಸಿಗುತ್ತಿತ್ತು. ನೇರವಾಗಿ ಹೋಗಿ ನಿಲ್ಲಲಾಗದ ಜಾಗ ನನ್ನ ನೆನಪಿನಲ್ಲಿ ಇಲ್ಲವೆಂದೇ ಅವರ ಲೆಕ್ಕ, ಮತ್ತು ಆ ಲೆಕ್ಕ ಸರಿಯೆಂದು ನಾನು ಇಂದಿಗೂ ನಂಬಿದ್ದೇನೆ.

ಇದಕ್ಕೆ ನಿಮ್ಮ ಸೀಮೆಯಲ್ಲೇ ದೊಡ್ಡ ನಿದರ್ಶನವಿದೆ. ಮಲೆ ಮಾದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರು ಕಥೆಯನ್ನು ‘ಸಾಲು’ಗಳಾಗಿ, ಅಂದರೆ ಬಿಡಿಬಿಡಿ ಕಥಾಭಾಗಗಳಾಗಿ, ಇಟ್ಟುಕೊಂಡಿರುತ್ತಾರೆ: ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಕೇಳುಗರು ಯಾವ ಸಾಲನ್ನು ಬಯಸಿದರೂ ಅಲ್ಲಿಂದಲೇ ಎತ್ತಿಕೊಳ್ಳಬಲ್ಲರು. ಅಷ್ಟು ದೊಡ್ಡ ಕಾವ್ಯ ಪುಸ್ತಕವಿಲ್ಲದೆ ತಲೆಮಾರುಗಳನ್ನು ದಾಟಿಬಂದಿರುವುದರಲ್ಲಿ ಈ ವಿಂಗಡಣೆಯ ಪಾಲು ಬಹಳ ದೊಡ್ಡದೆಂದು ನನ್ನ ಎಣಿಕೆ.

ಆದ್ದರಿಂದ ವರ್ಣವನ್ನು ಆರಂಭದಿಂದ ಕೊನೆಯವರೆಗೆ ಹತ್ತು ಸಲ ನುಡಿಸುವ ಅಭ್ಯಾಸವನ್ನು ಕೆಲವು ವಾರ ಬಿಟ್ಟುಬಿಡಿ. ಎತ್ತುಗಡೆ ಸ್ವರಗಳಿಗೆ ಒಂದೊಂದು ಗುರುತು ಕೊಡಿ: ದೀರ್ಘ ಸ್ವರಗಳಲ್ಲಿ ನಿಧಾನವಾಗಿ ನಡೆಯುವುದು ಯಾವುದು, ಯಾವುದು ಎಷ್ಟು ಆವರ್ತ (ತಾಳದ ಸುತ್ತು), ಯಾವುದು ತಾರಸ್ಥಾಯಿಗೆ ಏರುತ್ತದೆ. ಆಮೇಲೆ ಬೆಸುಗೆಗಳನ್ನಷ್ಟೇ ಸಾಧಿಸಿ. ಚರಣದ ಸಾಲಿನ ಉತ್ತರಾರ್ಧವನ್ನು ನುಡಿಸಿ, ಮೂರನೆಯ ಸ್ವರದ ಮೊದಲ ನಾಲ್ಕು ಅಕ್ಷರಗಳನ್ನು ಮುಟ್ಟಿ ನಿಲ್ಲಿಸಿ; ಮತ್ತೆ ಅದೇ ಉತ್ತರಾರ್ಧ, ಈ ಬಾರಿ ನಾಲ್ಕನೆಯದರ ಮೊದಲ ನಾಲ್ಕು ಅಕ್ಷರ. ಕೈ ಇಡುವ ಮುನ್ನ ಅದನ್ನು ಬಾಯಲ್ಲಿ ಹಾಡಿರಬೇಕು, ತಾಳ ಬಿಡದೆ ಹಾಡಿರಬೇಕು. ವೀಣೆಯ ಮೇಲೆ ಮೆಟ್ಟು ಕಣ್ಣಿಗೆ ಕಾಣುತ್ತದೆ, ಬೆರಳು ದಾರಿ ತೋರಿಸುತ್ತದೆ. ಬಾಯಿಗೆ ಆ ಎರಡೂ ಆಸರೆಗಳಿಲ್ಲದ ಕಾರಣ ನಿಜವಾಗಿ ಎಷ್ಟು ಕಲಿತಿದ್ದೇವೆಂಬುದು ಅಲ್ಲಿ ಗೊತ್ತಾಗುತ್ತದೆ.

ಪುಸ್ತಕದ ಬಗ್ಗೆ ಇನ್ನೊಂದು ಮಾತು. ಸ್ವರಲಿಪಿಯಲ್ಲಿ ‘ರಿ’ ಎಂದು ಬರೆದಿರುತ್ತದೆ; ಆ ರಿಷಭ ಎಲ್ಲಿಂದ ಜಾರಿ ಬರಬೇಕು, ಎಷ್ಟು ತೂಗಬೇಕು ಎಂಬುದು ಸಾಮಾನ್ಯ ಪಾಠಪುಸ್ತಕದಲ್ಲಿ ಇರುವುದಿಲ್ಲ. ಸುಬ್ಬರಾಮ ದೀಕ್ಷಿತರು 1904ರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ, ಅಂದರೆ ಈ ಜಾರು-ತೂಗುಗಳಿಗೂ, ಚಿಹ್ನೆಗಳನ್ನು ಕೊಟ್ಟರು, ಆದರೂ ತಂತಿಯನ್ನು ಎಷ್ಟು ಎಳೆಯಬೇಕೆಂಬುದನ್ನು ಕಿವಿಯಿಂದಲೇ ಕಲಿಯಬೇಕು. ಕಣ್ಣು ಹಾಳೆಯ ಮೇಲಿರುವಾಗ ಕಿವಿ ಅರ್ಧ ಮುಚ್ಚಿರುತ್ತದೆ. ಹಾಗೆಂದು ಪುಸ್ತಕವನ್ನು ದೂರ ಮಾಡಬೇಕಾಗಿಲ್ಲ. ತಪ್ಪಿದಾಗ ಒಡನೆಯೇ ತೆರೆಯದೆ, ಒಂದು ಆವರ್ತದಷ್ಟು ಕಾಲ ಹುಡುಕಿ, ಸಿಗದಿದ್ದರೆ ಆ ಸಾಲನ್ನಷ್ಟೇ ನೋಡಿ ಮುಚ್ಚಿಬಿಡಿ. ಹಾಗೆ ತಡಕಾಡಿ ಸಿಕ್ಕಿದ ಸ್ವರ ನಿಲ್ಲುವಷ್ಟು, ಓದಿ ನುಡಿಸಿದ ಸ್ವರ ನಿಲ್ಲುವುದಿಲ್ಲ.

ಚಿಕ್ಕ ಮಕ್ಕಳು ಬೇಗ ಹಿಡಿಯುತ್ತಾರೆ, ನಿಜ. ಆದರೆ ವರ್ಣದ ಕಟ್ಟಡವನ್ನು ಅರ್ಥಮಾಡಿಕೊಂಡು ನೆನಪಿಡುವ ಶಕ್ತಿ ನಿಮ್ಮ ವಯಸ್ಸಿನವರಲ್ಲಿ ಹೆಚ್ಚು, ಮತ್ತು ನಿಮಗೆ ಈಗ ಬೇಕಾಗಿರುವುದು ಅದೇ.

ಮುಂದಿನ ಭಾನುವಾರ ರೈಲು ಮಂಡ್ಯ ಬಿಟ್ಟೊಡನೆ, ಪುಸ್ತಕ ಚೀಲದಲ್ಲೇ ಇರಲಿ, ಮನಸ್ಸಿನಲ್ಲಿ ಮೂರನೆಯ ಎತ್ತುಗಡೆ ಸ್ವರದಿಂದ ತೊಡಗಿ, ಬೆರಳಿನಲ್ಲಿ ತಾಳ ಎಣಿಸುತ್ತಾ ಬನ್ನಿ. ಪಾಂಡವಪುರದ ಹೊತ್ತಿಗೆ ಎಲ್ಲೋ ಒಂದು ಕಡೆ ತಡೆಯಬಹುದು. ತಡೆದ ಅಕ್ಷರ ಯಾವುದೆಂದು ಗುರುತು ಹಾಕಿಕೊಂಡು, ಪಾಠವನ್ನು ಅಲ್ಲಿಂದಲೇ ಶುರುಮಾಡಿಸಲು ನಿಮ್ಮ ಗುರುಗಳನ್ನು ಕೇಳಿಕೊಳ್ಳಿ.

— ಸಂಪಾದಕ